ಭಾಗ ಎರಡು ಬಂತು, ಎರಡನೇ ಮಷೀನ್ ಹೋಯ್ತು

‘ಮುಂಗಾರು ಮಳೆ’ ಬಿಡುಗಡೆಯಾದದ್ದು 2006ರ ಡಿಸೆಂಬರ್ 29ಕ್ಕೆ. ‘ಮುಂಗಾರು ಮಳೆ 2’ ಬಂದದ್ದು 2016ರ ಸೆಪ್ಟೆಂಬರ್ 10ಕ್ಕೆ. ನಾಯಕ ಅದೇ ಗಣೇಶ್. ನಿರ್ದೇಶಕರು ಬೇರೆ, ಕಥೆಯೂ ಬೇರೆ. ಉಳಿದದ್ದು ಹೆಸರು ಮತ್ತು ಮಳೆ. ನಡುವಿನ ಹತ್ತು ವರ್ಷಕ್ಕೆ ಪರದೆಯ ಮೇಲೆ ಲೆಕ್ಕವಿಲ್ಲ. ಹೀರೊ ದುಡ್ಡಿರುವವರ ಮನೆ ಹುಡುಗ, ಅವನ ಸಂಬಳದ ಮಾತು ಯಾರೂ ಎತ್ತುವುದಿಲ್ಲ. ಆದರೆ ಪರದೆಯ ಎದುರು ಗೋಡೆಯ ಆಚೆ, ಪ್ರೊಜೆಕ್ಷನ್ ಕ್ಯಾಬಿನ್ನಿನಲ್ಲಿ, ಅದೇ ಹತ್ತು ವರ್ಷದಲ್ಲಿ ಒಂದು ಕಸುಬೇ ಮುಗಿಯಿತು. ಮೊದಲ ಭಾಗ ನಮ್ಮ ಕಡೆಯ ಬಹುತೇಕ ಟಾಕೀಸುಗಳಿಗೆ ಬಂದದ್ದು ರೀಲ್ ಡಬ್ಬಿಯಲ್ಲಿ. ಎರಡನೆಯದು ನೇರ ಸರ್ವರ್‌ಗೆ ಇಳಿಯಿತು.

ಸೀಕ್ವೆಲ್ ಬಂದಾಗಲೆಲ್ಲ ದಾವಣಗೆರೆಯಲ್ಲಿ ಮಿರ್ಚಿ-ಮಂಡಕ್ಕಿ ಮುಂದೆ ಒಂದೇ ಚರ್ಚೆ: ಮೊದಲನೆಯದರ ಮಜಾ ಇದರಲ್ಲಿ ಇದೆಯೋ ಇಲ್ಲವೋ. ಆ ಮಜಾವನ್ನು ಪರದೆಗೆ ಮುಟ್ಟಿಸಿದ್ದ ಕೈಗಳ ಲೆಕ್ಕ ಅಲ್ಲಿ ಬರುವುದಿಲ್ಲ. ಇಲ್ಲಿ ಅದನ್ನೇ ನೋಡೋಣ. ಸೀಕ್ವೆಲ್ ಮಾರುವುದು ಹಳೆಯ ನೆನಪನ್ನು. ಆ ನೆನಪು ಜನರನ್ನು ಮೂರು ದಿನದೊಳಗೆ ಟಾಕೀಸಿಗೆ ಎಳೆದು ತರುತ್ತದೆ. ತಿಂಗಳ ಸಂಬಳದ ಕೆಲಸ ಮೂರು ದಿನದ ಕೂಲಿಯಾಗುವುದರಲ್ಲಿ ಈ ಮೂರು ದಿನದ ಪಾಲೂ ಇದೆ.

ಮೊದಲು ರೀಲಿನ ಕಾಲದ ಕೆಲಸ ಏನಿತ್ತು ಎಂಬುದು ಗೊತ್ತಿರಬೇಕು. 35 ಎಂಎಂ ಫಿಲ್ಮು ಸೆಕೆಂಡಿಗೆ 24 ಫ್ರೇಮ್ ಓಡುತ್ತದೆ. ಒಂದು ಅಡಿಗೆ 16 ಫ್ರೇಮ್. ಅಂದರೆ ನಿಮಿಷಕ್ಕೆ 90 ಅಡಿ. ಸಾವಿರ ಅಡಿಯ ಒಂದು ರೀಲು ಹನ್ನೊಂದು ನಿಮಿಷ ಚಿಲ್ಲರೆ. ಎರಡೂವರೆ ಗಂಟೆಯ ಸಿನಿಮಾಕ್ಕೆ 13,500 ಅಡಿ ಬೇಕು, ಹದಿನಾಲ್ಕು ರೀಲು. ಎಲ್ಲ ಡಬ್ಬಿ ಸೇರಿದರೆ ಮೂವತ್ತು ಕಿಲೋ ದಾಟುತ್ತದೆ. ಇದನ್ನು ಮೆಟ್ಟಿಲು ಹತ್ತಿಸಿ ಕ್ಯಾಬಿನ್‌ಗೆ ಒಯ್ಯಬೇಕು. ಕ್ಯಾಬಿನ್ ಸಾಮಾನ್ಯವಾಗಿ ಬಾಲ್ಕನಿಗಿಂತ ಮೇಲೆಯೇ ಇರುತ್ತದೆ ಎಂಬುದು ಬೇರೆ ಮಾತು.

ಮೇಲೆ ಒಯ್ದ ಮೇಲೆ ಎರಡೆರಡು ರೀಲು ಸೇರಿಸಿ 2,000 ಅಡಿಯ ಸ್ಪೂಲ್ ಮಾಡಿಕೊಳ್ಳುತ್ತಿದ್ದರು. ಹದಿನಾಲ್ಕು ರೀಲಿಗೆ ಏಳು ಸ್ಪೂಲು. ಎರಡು ಮಷೀನ್ ಪಕ್ಕಪಕ್ಕದಲ್ಲಿ. ಒಂದು ಓಡುತ್ತಿದ್ದಾಗ ಇನ್ನೊಂದಕ್ಕೆ ಫಿಲ್ಮು ಹಾಕಿ ತಯಾರಿಡಬೇಕು. ಒಂದರಿಂದ ಇನ್ನೊಂದಕ್ಕೆ ಆಟ ದಾಟಿಸುವುದೇ ಚೇಂಜ್‌ ಓವರ್. ಏಳು ಸ್ಪೂಲಿಗೆ ಆರು ಚೇಂಜ್‌ ಓವರ್. ಒಂದು ಇಂಟರ್‌ವಲ್‌ನಲ್ಲಿ ಕಳೆದುಹೋಗುತ್ತದೆ. ಉಳಿದ ಐದು ಜನ ನೋಡುತ್ತಿರುವಾಗಲೇ ಆಗಬೇಕು, ಮತ್ತು ಯಾರಿಗೂ ಗೊತ್ತಾಗಬಾರದು. ದಿನಕ್ಕೆ ನಾಲ್ಕು ಆಟ ಎಂದರೆ ಇಪ್ಪತ್ತು ಸಲ.

ಆ ಚೇಂಜ್‌ ಓವರ್ ಹೇಗೆ ಎಂದರೆ: ಸ್ಪೂಲು ಮುಗಿಯಲು ಸುಮಾರು ಎಂಟು ಸೆಕೆಂಡು ಇರುವಾಗ ಪರದೆಯ ಬಲ ಮೇಲ್ಮೂಲೆಯಲ್ಲಿ ಒಂದು ಚುಕ್ಕೆ ಮಿಂಚುತ್ತದೆ. ಅದು ಇರುವುದು ನಾಲ್ಕೇ ಫ್ರೇಮ್, ಸೆಕೆಂಡಿನ ಆರನೇ ಒಂದು ಪಾಲು. ಚುಕ್ಕೆ ಕಂಡ ಕೂಡಲೇ ಎರಡನೇ ಮಷೀನಿನ ಮೋಟರ್ ಆನ್. ಅದರಲ್ಲಿ ಚಿತ್ರಕ್ಕಿಂತ ಮೊದಲು ಅಂಕಿಗಳಿರುವ ಲೀಡರ್ ತುಣುಕು ಇರುತ್ತದೆ. ಮೋಟರ್ ಪೂರ್ತಿ ವೇಗಕ್ಕೆ ಬರುವಷ್ಟರಲ್ಲಿ ಲೀಡರ್ ದಾಟಿ ಚಿತ್ರ ಗೇಟಿಗೆ, ಅಂದರೆ ದೀಪದ ಬೆಳಕು ಫಿಲ್ಮಿನ ಮೇಲೆ ಬೀಳುವ ಕಿಂಡಿಗೆ, ಬರುವಂತೆ ಮೊದಲೇ ಲೆಕ್ಕ ಹಾಕಿ ನಿಲ್ಲಿಸಿರಬೇಕು. ಎರಡನೇ ಚುಕ್ಕೆ ಕೊನೆಯ ಒಂದು ಸೆಕೆಂಡಿನಲ್ಲಿ. ಅದು ಕಂಡಾಗ ಒಂದರ ಶಟರ್ ಮುಚ್ಚಿ ಇನ್ನೊಂದರದ್ದು ತೆಗೆಯಬೇಕು, ಸೌಂಡ್ ಕೂಡ ಆ ಕಡೆಗೆ ತಿರುಗಿಸಬೇಕು. ಬೇಗ ತೆಗೆದರೆ ಲೀಡರಿನ ಅಂಕಿ ಪರದೆ ಮೇಲೆ ಬೀಳುತ್ತದೆ. ತಡವಾದರೆ ಬಿಳಿ ಪರದೆ. ಬಿಳಿ ಪರದೆ ಕಂಡರೆ ಗಾಂಧಿ ಕ್ಲಾಸಿನಿಂದ ಏನು ಬರುತ್ತದೆ ಎಂದು ಸಿಳ್ಳೆ ಹೊಡೆದವರಿಗೆಲ್ಲ ಗೊತ್ತು.

ಮಷೀನಿಗೆ ಫಿಲ್ಮು ಹಾಕುವುದರಲ್ಲೂ ಒಂದು ಲಯವಿತ್ತು. ಮೇಲಿನ ಸ್ಪೂಲಿನಿಂದ ಮೇಲಿನ ಹಲ್ಲುಚಕ್ರ, ಅಲ್ಲಿಂದ ಸಡಿಲವಾಗಿ ಒಂದು ಲೂಪು, ಆಮೇಲೆ ಗೇಟು. ಗೇಟಿನ ಕೆಳಗೆ ಜಿನೀವಾ ಚಕ್ರ. ಇದು ಫಿಲ್ಮನ್ನು ಒಂದೊಂದೇ ಫ್ರೇಮ್ ಎಳೆದು, ನಿಲ್ಲಿಸಿ, ಮತ್ತೆ ಎಳೆಯುತ್ತದೆ. ಅದರ ಕೆಳಗೆ ಇನ್ನೊಂದು ಲೂಪು, ಸೌಂಡ್ ಡ್ರಮ್ಮು, ಕೆಳಗಿನ ಹಲ್ಲುಚಕ್ರ, ಕೊನೆಗೆ ಸುತ್ತಿಕೊಳ್ಳುವ ಸ್ಪೂಲು. ಲೂಪ್ ಏಕೆ ಬೇಕೆಂದರೆ, ಸ್ಪೂಲು ಒಂದೇ ಸಮ ತಿರುಗುತ್ತದೆ, ಗೇಟಿನಲ್ಲಿ ಮಾತ್ರ ಫಿಲ್ಮು ಸೆಕೆಂಡಿಗೆ 24 ಸಲ ನಿಲ್ಲುತ್ತದೆ. ಆ ಜಗ್ಗಾಟವನ್ನು ನುಂಗಿಕೊಳ್ಳುವುದು ಲೂಪು. ಚಿಕ್ಕದಾದರೆ ತೂತುಗಳ ಅಂಚು ಕಿತ್ತು ಫಿಲ್ಮು ತುಂಡಾಗುತ್ತದೆ. ದೊಡ್ಡದಾದರೆ ಕೇಸಿಂಗಿಗೆ ಉಜ್ಜಿ ಉದ್ದಕ್ಕೂ ಗೀರು ಬೀಳುತ್ತದೆ. ಹಳೇ ಪ್ರಿಂಟಿನಲ್ಲಿ ಕಾಣುವ ‘ಮಳೆ’ ಹೆಚ್ಚುಪಾಲು ಇಂಥ ಗೀರೇ, ಮುಂಗಾರಿನದ್ದಲ್ಲ.

ಕೆಳಗಿನ ಲೂಪಿನ ತಪ್ಪು ಇನ್ನೂ ಸೂಕ್ಷ್ಮ. ಸೌಂಡ್ ಪಟ್ಟಿ ಚಿತ್ರದ ಪಕ್ಕದಲ್ಲೇ ಇದ್ದರೂ ಅದೇ ಫ್ರೇಮಿನ ಶಬ್ದ ಸುಮಾರು ಇಪ್ಪತ್ತು ಫ್ರೇಮ್ ಮುಂದೆ ಅಚ್ಚಾಗಿರುತ್ತದೆ, ಏಕೆಂದರೆ ಸೌಂಡ್ ಓದುವ ಜಾಗ ಗೇಟಿಗಿಂತ ಕೆಳಗಿದೆ. ಲೂಪು ನಾಲ್ಕೈದು ಫ್ರೇಮ್ ಹೆಚ್ಚು ಕಡಿಮೆಯಾದರೆ ತುಟಿ ಒಂದು ಕಡೆ, ಮಾತು ಇನ್ನೊಂದು ಕಡೆ. ನೋಡುವವರು ‘ಡಬ್ಬಿಂಗ್ ಸರಿಯಿಲ್ಲ’ ಎಂದು ಸಿನಿಮಾದವರನ್ನು ಬೈಯುತ್ತಾರೆ. ತಪ್ಪು ಇರುವುದು ಕ್ಯಾಬಿನ್ನಿನಲ್ಲಿ, ನಾಲ್ಕು ಬೆರಳಗಲದಷ್ಟು.

ಇದು ಕಣ್ಣು, ಕಿವಿ, ಕೈ ಮೂರೂ ಸೇರಿ ಮಾಡುವ ಕೆಲಸ. ಕಾರ್ಬನ್ ಕಡ್ಡಿ ಉರಿಯುತ್ತಿದ್ದ ಕಾಲದಲ್ಲಂತೂ ಕಡ್ಡಿ ಸವೆದಂತೆ ನಡುವಿನ ಸಂದು ಸರಿಮಾಡುತ್ತಲೇ ಇರಬೇಕಿತ್ತು. ಬಿಟ್ಟರೆ ಬೆಳಕು ಹಳದಿಗೆ ತಿರುಗಿ ಆರುತ್ತಿತ್ತು. ಆಮೇಲೆ ಕ್ಸೆನಾನ್ ದೀಪ ಬಂತು, ಆ ಒಂದು ಕೆಲಸ ಹಗುರಾಯಿತು. ಆದರೂ ಎರಡು ಮಷೀನ್ ಇರುವ ತನಕ ಕ್ಯಾಬಿನ್‌ಗೆ ಒಬ್ಬ ಆಪರೇಟರ್, ಒಬ್ಬ ಸಹಾಯಕ ಬೇಕೇ ಬೇಕು. ಒಬ್ಬ ಪರದೆ ನೋಡಬೇಕು, ಇನ್ನೊಬ್ಬ ಮುಗಿದ ಸ್ಪೂಲನ್ನು ಹಿಂದಕ್ಕೆ ಸುತ್ತಿ, ಹರಿದ ತೂತು ಬೆರಳಿಗೆ ಸಿಕ್ಕ ಕಡೆ ಪ್ಯಾಚ್ ಹಾಕಬೇಕು. ಒಂದೇ ಪ್ರಿಂಟನ್ನು ಎರಡು ಟಾಕೀಸಿಗೆ ಹಂಚಿದ್ದರೆ ಮೂರನೆಯವನೂ ಬೇಕು, ಡಬ್ಬಿಯನ್ನು ಸೈಕಲ್ಲಿಗೋ ಸ್ಕೂಟರಿಗೋ ಹೇರಿಕೊಂಡು ಓಡಲು. ಅಶೋಕ ಟಾಕೀಸ್ ಹತ್ತಿರದ ರೈಲ್ವೆ ಗೇಟು ಬಿದ್ದರೆ ಎಷ್ಟು ಹೊತ್ತು ನಿಲ್ಲಬೇಕಿತ್ತು ಎಂಬುದು ಊರಿಗೆಲ್ಲ ಗೊತ್ತಿರುವ ವಿಷಯ. ಸೈಕಲ್ಲಿನ ಹಿಂದೆ ಎಂಟನೇ ರೀಲು ಇದ್ದವನಿಗೆ ಆ ಗೇಟು ಹೇಗೆ ಕಂಡೀತು ಎಂದು ಊಹಿಸಿಕೊಳ್ಳಿ.

ಈಗ ಭಾಗ ಎರಡು.

ಸಿನಿಮಾ ಉಪಗ್ರಹದ ಮೂಲಕ ಸರ್ವರ್‌ಗೆ ಇಳಿಯುತ್ತದೆ, ಇಲ್ಲವೆ ಡಿಸಿಪಿ, ಅಂದರೆ ಟಾಕೀಸಿಗೆಂದೇ ಕಟ್ಟಿದ ಡಿಜಿಟಲ್ ಕಡತಗಳ ರೂಪದಲ್ಲಿ ಹಾರ್ಡ್ ಡಿಸ್ಕಿನಲ್ಲಿ ಬರುತ್ತದೆ. ಡಿಸಿಪಿಯಲ್ಲಿ ಚಿತ್ರದ ಗರಿಷ್ಠ ವೇಗ ಸೆಕೆಂಡಿಗೆ 250 ಮೆಗಾಬಿಟ್. ಆ ಲೆಕ್ಕದಲ್ಲಿ ಎರಡೂವರೆ ಗಂಟೆಯ ಚಿತ್ರ ಹೆಚ್ಚೆಂದರೆ 281 ಜಿಬಿ, ಸೌಂಡ್ ಅದರ ಮೇಲೆ. ಮೂವತ್ತು ಕಿಲೋದ ಡಬ್ಬಿ ಅಂಗಿ ಜೇಬಿನಷ್ಟಾಯಿತು. ಸರ್ವರ್‌ಗೆ ಹಾಕಿದ ಮೇಲೆ ಪ್ಲೇಲಿಸ್ಟ್ ಕಟ್ಟಬೇಕು: ಜಾಹೀರಾತು, ಧೂಮಪಾನದ ಎಚ್ಚರಿಕೆ, ಟ್ರೇಲರ್, ಮೊದಲರ್ಧ, ಇಂಟರ್‌ವಲ್, ಉಳಿದರ್ಧ. ಸ್ಕೋಪ್, ಅಂದರೆ ಹೆಚ್ಚು ಅಗಲದ ಚೌಕಟ್ಟಿನ ಸಿನಿಮಾಕ್ಕೆ 2048×858 ಪಿಕ್ಸೆಲ್‌ನ ಲೆನ್ಸ್ ಸೆಟ್ಟಿಂಗ್, ಕಡಿಮೆ ಅಗಲದ ಫ್ಲಾಟ್‌ಗೆ 1998×1080. ಜಾಹೀರಾತು ಫ್ಲಾಟ್, ಸಿನಿಮಾ ಸ್ಕೋಪ್ ಆಗಿದ್ದು ನಡುವೆ ಲೆನ್ಸ್ ಬದಲಿಸುವ ಸೂಚನೆ ಹಾಕುವುದು ಮರೆತರೆ ಸಿನಿಮಾ ಪರದೆಗೆ ಸರಿಯಾಗಿ ಕೂರುವುದಿಲ್ಲ. ಇಂಗ್ಲಿಷ್ ಸೀಕ್ವೆಲ್‌ಗಳಿಗೆ ಇಂಟರ್‌ವಲ್ ಇರುವುದಿಲ್ಲ. ಎಲ್ಲಿ ನಿಲ್ಲಿಸಬೇಕೆಂದು ಕ್ಯಾಬಿನ್ನಿನವರೇ ಹುಡುಕಬೇಕು. ಮಾತಿನ ನಡುವೆ ಕತ್ತರಿಸಿದರೆ ಕ್ಯಾಂಟೀನ್‌ಗೆ ಹೋಗುವವರೆಲ್ಲ ಗೊಣಗಿಕೊಂಡೇ ಹೋಗುತ್ತಾರೆ.

ಕೆಲಸ ಇಷ್ಟೇ ಆಗಿದ್ದರೆ ಸುಖವೇ. ಆದರೆ ಸರ್ವರ್‌ನಲ್ಲಿ ಇರುವ ಸಿನಿಮಾ ಬೀಗ ಹಾಕಿದ ಪೆಟ್ಟಿಗೆ. ತೆಗೆಯಲು ಕೆಡಿಎಂ ಎಂಬ ಕೀ ಬೇಕು. ಕೀಯೊಳಗೆ ಎರಡು ವಿಷಯ ಬರೆದಿರುತ್ತದೆ: ಯಾವ ಸರ್ವರ್, ಎಷ್ಟು ಗಂಟೆಯಿಂದ ಎಷ್ಟು ಗಂಟೆವರೆಗೆ. ಮಾಮೂಲಿ ಶುಕ್ರವಾರಕ್ಕೆ ಇದು ತೊಂದರೆ ಕೊಡುವುದಿಲ್ಲ. ಸೀಕ್ವೆಲ್‌ಗೆ ಕೊಡುತ್ತದೆ, ಏಕೆಂದರೆ ಅಭಿಮಾನಿಗಳಿಗೆ ಬೆಳಿಗ್ಗೆ ಆರಕ್ಕೇ ಆಟ ಬೇಕು. ಕೀಯ ಸಮಯ ಹತ್ತಕ್ಕೆ ಶುರು ಎಂದಿದ್ದರೆ ಆರಕ್ಕೆ ಏನು ಮಾಡಿದರೂ ತೆರೆಯದು. ಸರ್ವರಿನ ಗಡಿಯಾರ ಹಿಂದಕ್ಕೋ ಮುಂದಕ್ಕೋ ತಿರುಗಿಸೋಣ ಎಂದರೆ ವರ್ಷಕ್ಕೆ ಆರು ನಿಮಿಷಕ್ಕಿಂತ ಹೆಚ್ಚು ಅಲುಗಾಡದಂತೆ ಅದಕ್ಕೂ ಬೀಗ. ಇನ್ನೊಂದು ಎಡವಟ್ಟು: ಹಿಂದಿನ ವಾರ ರಿಪೇರಿಯಲ್ಲಿ ಮೀಡಿಯಾ ಬ್ಲಾಕ್, ಅಂದರೆ ಬೀಗ ಬಿಚ್ಚುವ ಬೋರ್ಡು, ಬದಲಾಯಿಸಿ, ಅದರ ಹೊಸ ಸರ್ಟಿಫಿಕೇಟ್ ಕೀ ಮಾಡುವ ಲ್ಯಾಬಿಗೆ ಕಳಿಸದೆ ಬಿಟ್ಟಿದ್ದರೆ ಕೀ ಬರುತ್ತದೆ, ಆದರೆ ಹಳೇ ಬೋರ್ಡಿನ ಹೆಸರಿಗೆ. ಹೊರಗೆ ಕಟೌಟಿಗೆ ಹಾಲಿನ ಅಭಿಷೇಕ, ಒಳಗೆ ಕೆಂಪು ಅಕ್ಷರದ ಎರರ್.

ಹಾಗಾಗಿ ಗುರುವಾರ ರಾತ್ರಿಯ ಕೆಲಸ ಇದು: ಕೀ ಪೆನ್‌ಡ್ರೈವಿನಿಂದ ಸರ್ವರ್‌ಗೆ ಹಾಕು, ಶುರುವಾಗುವ ಸಮಯ ಓದು, ಸರ್ವರಿನ ಸೀರಿಯಲ್ ನಂಬರ್ ತಾಳೆ ನೋಡು, ಮೊದಲರ್ಧಕ್ಕೂ ಎರಡನೇ ಅರ್ಧಕ್ಕೂ ಬೇರೆ ಕೀ ಇದ್ದರೆ ಎರಡೂ ಇವೆಯೇ ಎಂದು ಖಾತ್ರಿ ಮಾಡಿಕೋ. ಎರಡನೆಯದು ಇಲ್ಲದಿದ್ದರೆ ಇಂಟರ್‌ವಲ್ ಮುಗಿದ ಮೇಲೆ ಆಟ ಮುಂದುವರಿಯುವುದಿಲ್ಲ.

ಪ್ರೊಜೆಕ್ಟರಿನ ದೀಪದ ಮೇಲೂ ಕಣ್ಣಿರಬೇಕು. ದಿನಕ್ಕೆ ಹತ್ತು ಗಂಟೆ ಉರಿದರೆ 1,500 ಗಂಟೆಯ ಕ್ಸೆನಾನ್ ಐದು ತಿಂಗಳಿಗೆ ಮುಗಿಯುತ್ತದೆ. ಅವಧಿ ಮೀರಿಸಿ ಎಳೆದರೆ ಮೊದಲು ಮಿಣುಕು, ಆಮೇಲೆ ಸಿಡಿತ. ಸಿಡಿದರೆ ದೀಪದ ಜೊತೆ ರಿಫ್ಲೆಕ್ಟರೂ ಹೋಗುತ್ತದೆ. ಕರೆಂಟ್ ಹೋದಾಗ ದೀಪ ಆರಿದರೂ ಫ್ಯಾನು ಹತ್ತು ಹದಿನೈದು ನಿಮಿಷ ತಿರುಗುತ್ತಲೇ ಇರಬೇಕು. ಅದಕ್ಕೇ ಯುಪಿಎಸ್ ಸರ್ವರ್‌ಗೆ ಮಾತ್ರವಲ್ಲ, ಫ್ಯಾನಿಗೂ ಬೇಕು. ದಾವಣಗೆರೆಯ ಏಪ್ರಿಲ್ ಸೆಕೆ, ಮೇಲಿಂದ ಮಂಡಕ್ಕಿ ಭಟ್ಟಿಗಳ ಮಸಿ. ಇಲ್ಲಿ ಏರ್ ಫಿಲ್ಟರನ್ನು ಕಂಪನಿ ಪುಸ್ತಕದಲ್ಲಿ ಬರೆದ ದಿನಕ್ಕೆ ಕಾಯದೆ ವಾರಕ್ಕೊಮ್ಮೆ ತೆಗೆದು ನೋಡುವುದು ವಾಸಿ. ಫಿಲ್ಟರ್ ಕಟ್ಟಿಕೊಂಡರೆ ಮಷೀನ್ ತಾನೇ ಬಿಸಿ ಎಂದು ಹೇಳಿ ನಿಂತುಬಿಡುತ್ತದೆ, ಸಾಮಾನ್ಯವಾಗಿ ಕ್ಲೈಮ್ಯಾಕ್ಸಿನಲ್ಲಿ, ಏಕೆಂದರೆ ಬಿಸಿ ಏರಲು ಅಷ್ಟು ಹೊತ್ತು ಬೇಕು.

ಇದೆಲ್ಲ ಗೊತ್ತಿರುವ ಒಬ್ಬ ಸಾಕು. ಎರಡನೇ ಮಷೀನ್ ಇಲ್ಲ, ಆದ್ದರಿಂದ ಎರಡನೇ ಮನುಷ್ಯನೂ ಇಲ್ಲ. ಆ ಒಬ್ಬನೂ ಆಟ ಶುರು ಮಾಡಿ ಕೆಳಗಿಳಿದು ಪಾರ್ಕಿಂಗ್ ಚೀಟಿ ಹರಿಯಬಹುದು. ಚೇಂಜ್‌ ಓವರ್ ಕಲಿಯಲು ಬೇಕಾದ ವರ್ಷಗಳಿಗೆ ಬೆಲೆ ಇತ್ತು. ಪ್ಲೇ ಬಟನ್ ಒತ್ತುವುದಕ್ಕೆ ಆ ಬೆಲೆ ಕೊಡುವವರಿಲ್ಲ. ಕೀ, ಫಿಲ್ಟರ್, ಲೆನ್ಸಿನ ಜವಾಬ್ದಾರಿ ಹೆಚ್ಚಾಗಿದೆ, ನಿಜ. ಆದರೆ ಅದು ಕೆಟ್ಟಾಗ ಮಾತ್ರ ಕಣ್ಣಿಗೆ ಬೀಳುವ ಕೆಲಸ.

ಈಗ ದುಡ್ಡಿನ ಕಡೆ. ಉದಾಹರಣೆಗೆ 600 ಸೀಟಿನ ಒಂದು ಟಾಕೀಸು ಇಟ್ಟುಕೊಳ್ಳಿ, ನಾಲ್ಕು ಆಟ, ತೆರಿಗೆ ಕಳೆದು ಟಿಕೆಟ್ಟಿಗೆ ಸರಾಸರಿ ₹80. ಒಂದು ದಿನ ಪೂರ್ತಿ ತುಂಬಿದರೆ 2,400 ಟಿಕೆಟ್, ₹1,92,000. ಸೀಕ್ವೆಲ್ ಶುಕ್ರವಾರದಿಂದ ಭಾನುವಾರ ತುಂಬಿತು ಎನ್ನಿ: ₹5,76,000. ಸೋಮವಾರದಿಂದ ನೂರಕ್ಕೆ ಹತ್ತು ಸೀಟು: ನಾಲ್ಕು ದಿನಕ್ಕೆ ₹76,800. ವಾರಕ್ಕೆ ಒಟ್ಟು ₹6,52,800, ಅಂದರೆ ಸರಾಸರಿ ಅರ್ಧ ಟಾಕೀಸು ತುಂಬಿದ ಹಾಗೆ. ಕಾಗದದ ಮೇಲೆ ಚೆನ್ನಾಗಿದೆ. ಹಾಡು ಬಾಯಿಂದ ಬಾಯಿಗೆ ಹರಡಿ ವಾರಗಟ್ಟಲೆ ಅರ್ಧ ತುಂಬುತ್ತಾ ನಡೆಯುವ ಸಿನಿಮಾಕ್ಕೂ ಮೊದಲ ವಾರದ ಮೊತ್ತ ಇಷ್ಟೇ. ಆದರೆ ಅಂಥ ಸಿನಿಮಾದಲ್ಲಿ ಎರಡನೇ ವಾರವೂ ಇಷ್ಟೇ, ಆರನೇ ವಾರವೂ ಹತ್ತಿರಹತ್ತಿರ ಇಷ್ಟೇ. ಮೊದಲ ‘ಮುಂಗಾರು ಮಳೆ’ ಬೆಂಗಳೂರಿನ ಮಲ್ಟಿಪ್ಲೆಕ್ಸಿನಲ್ಲಿ ವರ್ಷ ದಾಟಿ ಓಡಿತು. ವರ್ಷ ಓಡುವ ಸಿನಿಮಾದ ಹಿಂದೆ ವರ್ಷದ ಸಂಬಳ ಇರುತ್ತದೆ.

ಸೀಕ್ವೆಲ್ಲಿನ ಲೆಕ್ಕ ಬೇರೆ. ಮೊದಲ ಭಾಗದ ಹೆಸರಿಗೆ ವಿತರಕರು ಎಂಜಿ ಏರಿಸಿ ಕೊಂಡಿರುತ್ತಾರೆ, ಅಂದರೆ ಸಿನಿಮಾ ಓಡಲಿ ಬಿಡಲಿ ನಿರ್ಮಾಪಕರಿಗೆ ಇಷ್ಟು ಎಂದು ಮೊದಲೇ ಕೊಟ್ಟ ದುಡ್ಡು. ಅದನ್ನು ಮೂರು ದಿನದಲ್ಲಿ ಎತ್ತಬೇಕು. ಟಾಕೀಸಿನವರಿಂದ ಅಡ್ವಾನ್ಸ್ ಕೇಳುತ್ತಾರೆ, ಊರಿನ ಸಾಧ್ಯವಾದಷ್ಟೂ ಪರದೆಗೆ ಒಂದೇ ದಿನ ಹಾಕುತ್ತಾರೆ. ರೀಲಿನ ಕಾಲದಲ್ಲಿ ಪ್ರಿಂಟ್ ತೆಗೆಸುವುದೇ ದುಬಾರಿ, ಆದ್ದರಿಂದ ಪ್ರಿಂಟು ಕಡಿಮೆ, ಓಡುವ ವಾರ ಹೆಚ್ಚು. ದೊಡ್ಡ ಊರಲ್ಲಿ ಮುಗಿಸಿದ ಪ್ರಿಂಟು ಚನ್ನಗಿರಿಗೋ ಹೊಳಲ್ಕೆರೆಗೋ ಹೋಗುತ್ತಿತ್ತು. ಈಗ ಇನ್ನೊಂದು ಪ್ರತಿಗೆ ಹೆಚ್ಚು ಖರ್ಚಿಲ್ಲ, ಎಲ್ಲ ಕಡೆ ಅದೇ ಶುಕ್ರವಾರ. ಡಿಜಿಟಲ್‌ಗೆ ನಿರ್ಮಾಪಕರು ಕಟ್ಟಬೇಕಾದ ವರ್ಚುವಲ್ ಪ್ರಿಂಟ್ ಫೀ ಇದೆ, ಅದರ ದರಕ್ಕಾಗಿ 2018ರ ಮಾರ್ಚ್‌ನಲ್ಲಿ ದಕ್ಷಿಣದ ನಿರ್ಮಾಪಕರು ಬಿಡುಗಡೆಯನ್ನೇ ನಿಲ್ಲಿಸಿದ್ದರು. ಜಗಳ ನಿರ್ಮಾಪಕರಿಗೂ ಸರ್ವರ್ ಕಂಪನಿಗಳಿಗೂ. ಗೇಟ್‌ಕೀಪರ್ ಆ ಮಾತುಕತೆಯ ಮೇಜಿನ ಹತ್ತಿರವೂ ಇರಲಿಲ್ಲ.

ಮೂರು ದಿನ ಜನ, ನಾಲ್ಕು ದಿನ ಖಾಲಿ ಎಂದಾದರೆ ಮಾಲೀಕರು ಏನು ಮಾಡುತ್ತಾರೆ? ಶುಕ್ರವಾರಕ್ಕೆ ಹತ್ತು ಹುಡುಗರನ್ನು ದಿನಗೂಲಿಗೆ ಕರೆಯುತ್ತಾರೆ: ಗೇಟಿಗೆ, ಸೈಕಲ್ ಸ್ಟ್ಯಾಂಡಿಗೆ, ಕ್ಯಾಂಟೀನಿಗೆ. ಸೋಮವಾರ ಬೇಡ. ಅವರನ್ನು ದೂರುವುದೂ ಸುಲಭವಲ್ಲ, ಹತ್ತು ಜನರಿಗೆ ಆಟ ಹಾಕಿದರೂ ದೀಪ ಅಷ್ಟೇ ಉರಿಯುತ್ತದೆ. ₹100ರವರೆಗಿನ ಟಿಕೆಟ್ಟಿಗೆ 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಶೇ 5ಕ್ಕೆ ಇಳಿದದ್ದು ಇಂಥ ಟಾಕೀಸುಗಳಿಗೆ ಸ್ವಲ್ಪ ಉಸಿರು. ಖಾಲಿ ಸೋಮವಾರವನ್ನು ಅದು ತುಂಬುವುದಿಲ್ಲ.

ಟಾಕೀಸಿನಲ್ಲಿ ವರ್ಷಗಟ್ಟಲೆ ದುಡಿದವರಿಗೆ ಒಂದು ವಿಷಯ ಗೊತ್ತಿರಲೇಬೇಕು. 1981ರ ಸಿನಿಮಾ ಮಂದಿರ ಕಾರ್ಮಿಕರ ಕಾಯ್ದೆ ಐದು ಅಥವಾ ಹೆಚ್ಚು ಜನ ದುಡಿಯುವ ಚಿತ್ರಮಂದಿರಕ್ಕೆ ಪಿಎಫ್ ಮತ್ತು ಗ್ರಾಚ್ಯುಟಿ ಎರಡನ್ನೂ ಅನ್ವಯಿಸಿತು. ಬೇರೆ ಅಂಗಡಿ ಮುಂಗಟ್ಟಿಗೆ ಗ್ರಾಚ್ಯುಟಿಗೆ ಹತ್ತು ಜನ ಬೇಕು, ಇಲ್ಲಿ ಐದೇ ಸಾಕಿತ್ತು. 2025ರ ನವೆಂಬರ್ 21ಕ್ಕೆ ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದು ಆ ಕಾಯ್ದೆ ರದ್ದಾಯಿತು. ಗ್ರಾಚ್ಯುಟಿ ಲೆಕ್ಕ ಹೀಗೆ: ಕೊನೆಯ ತಿಂಗಳ ಸಂಬಳ ಭಾಗಿಸು 26, ಗುಣಿಸು 15, ಗುಣಿಸು ದುಡಿದ ವರ್ಷ. ತಿಂಗಳಿಗೆ ₹12,000 ಇದ್ದವರು 25 ವರ್ಷ ದುಡಿದಿದ್ದರೆ ₹1,73,077. ಆದರೆ ಇದಕ್ಕೆ ನೀವು ಅಲ್ಲಿ ಸತತವಾಗಿ ದುಡಿದದ್ದು ಕಾಗದದ ಮೇಲೆ ಇರಬೇಕು. ಪೆಟ್ಟು ಬೀಳುವುದು ಇಲ್ಲೇ. ಹಾಜರಿ ಪುಸ್ತಕದಲ್ಲಿ ನಾಲ್ಕೇ ಹೆಸರಿದ್ದರೆ, ಉಳಿದವರು ‘ಶುಕ್ರವಾರದ ಹುಡುಗರು’ ಆಗಿದ್ದರೆ, ಲೆಕ್ಕ ಶುರುವಾಗುತ್ತಲೇ ಇರಲಿಲ್ಲ. ಪರೀಕ್ಷೆ ಕೊಟ್ಟು ಪಡೆದ ಆಪರೇಟರ್ ಪರವಾನಗಿ, ಅದರ ನವೀಕರಣದ ಚೀಟಿಗಳು, ಸಂಬಳ ಬ್ಯಾಂಕಿಗೆ ಬಿದ್ದಿದ್ದರೆ ಪಾಸ್‌ಬುಕ್, ಕ್ಯಾಬಿನ್ ಲಾಗ್ ಬುಕ್ಕಿನಲ್ಲಿ ನಿಮ್ಮ ಸಹಿ ಇರುವ ಪುಟಗಳ ಫೋಟೊ: ಇಷ್ಟನ್ನು ಟಾಕೀಸು ಮುಚ್ಚುವ ಮೊದಲೇ ಎತ್ತಿಟ್ಟುಕೊಳ್ಳಿ. ಮುಚ್ಚಿದ ಮೇಲೆ ಲಾಗ್ ಬುಕ್ಕು ಮೊದಲು ಹೋಗುವುದು ರದ್ದಿಗೆ.

ದಾವಣಗೆರೆ ಗಿರಣಿಗಳ ಊರು. ಕರ್ನಾಟಕದ ಮ್ಯಾಂಚೆಸ್ಟರ್ ಎನ್ನುತ್ತಿದ್ದರು. ಹತ್ತಿ ಗಿರಣಿಗಳ ಗೇಟು ಮುಚ್ಚಿದ್ದನ್ನು ಕಂಡ ಮನೆಗಳಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆದರೆ ಗಿರಣಿ ಮುಚ್ಚಿದರೆ ಸೈರನ್ ನಿಲ್ಲುತ್ತದೆ, ಊರಿಗೆ ಗೊತ್ತಾಗುತ್ತದೆ. ಕ್ಯಾಬಿನ್ನಿನಲ್ಲಿ ಒಬ್ಬ ಕಡಿಮೆಯಾದರೆ ಆಟ ನಡೆಯುತ್ತಲೇ ಇರುತ್ತದೆ.

ಚಿತ್ರದುರ್ಗದ ಮಾತೂ ಒಂದಿಷ್ಟು. 1972ರ ‘ನಾಗರಹಾವು’ ಕೋಟೆಯ ಮೇಲೆ ಚಿತ್ರೀಕರಣವಾದದ್ದು. 2018ರ ಜುಲೈ 20ರಂದು ಹೊಸ ಡಿಜಿಟಲ್ ರೂಪದಲ್ಲಿ, ಹೊಸ ಸೌಂಡಿನಲ್ಲಿ ಮತ್ತೆ ಬಿಡುಗಡೆಯಾಯಿತು. ಮರುಬಿಡುಗಡೆ ಸೀಕ್ವೆಲ್ಲಿನ ದಾಯಾದಿ ಎನ್ನಬಹುದು. ಹೊಸ ಕಥೆಯೂ ಬೇಡ, ನೆನಪೇ ಸರಕು. ಗೀರು ಒರೆಸಿದ್ದರು, ಬಣ್ಣ ಏರಿಸಿದ್ದರು. ಬಲ ಮೇಲ್ಮೂಲೆಯ ಆ ಚುಕ್ಕೆಗಳೂ ಈಗ ಯಾರಿಗೂ ಬೇಡ. ರಾಮಾಚಾರಿಯ ಸಿಟ್ಟು ಇತ್ತು, ಚಾಮಯ್ಯ ಮೇಷ್ಟ್ರು ಇದ್ದರು. ನೋಡಿದವರ ಕಣ್ಣು ಒದ್ದೆಯಾಗಿದ್ದರಲ್ಲಿ ಸುಳ್ಳಿಲ್ಲ. ಆದರೆ ಹಳೇ ಸಿನಿಮಾ ಬಂತೆಂದು ಹಳೇ ಆಪರೇಟರ್‌ನನ್ನು ವಾಪಸ್ ಕರೆಯಬೇಕಾದ ಅಗತ್ಯ ಇರಲಿಲ್ಲ.

ಈಗೀಗ ಹಳೇ ಪ್ರೊಜೆಕ್ಟರನ್ನು ಗುಜರಿಗೆ ಹಾಕದೆ ಲಾಬಿಯಲ್ಲಿ ನಿಲ್ಲಿಸುವ ರೂಢಿ ಬಂದಿದೆ. ಸೀಕ್ವೆಲ್ ನೋಡಲು ಬಂದವರು ಅದರ ಪಕ್ಕ ನಿಂತು ಸೆಲ್ಫಿ ತೆಗೆಯುತ್ತಾರೆ. ಒಳ್ಳೆಯದೇ. ಹಾಗೆ ಇಡುವವರು ಇಷ್ಟು ಮಾಡಿ: ಲ್ಯಾಂಪ್ ಹೌಸಿನೊಳಗೆ ಹಳೇ ಕ್ಸೆನಾನ್ ಉಳಿದಿದ್ದರೆ ಮೊದಲು ತಿಳಿದವರಿಂದ ತೆಗೆಸಿ, ಉರಿಯದಿದ್ದರೂ ಅದರೊಳಗೆ ಒತ್ತಡದ ಅನಿಲ ಇರುತ್ತದೆ, ತಗುಲಿದರೆ ಸಿಡಿಯಬಹುದು. ಜಿನೀವಾ ಪೆಟ್ಟಿಗೆಯ ಎಣ್ಣೆ ಕಿಂಡಿ ನೋಡಿ, ಒಣಗಿದ್ದರೆ ತೆಳು ಮಷೀನ್ ಎಣ್ಣೆ ಹಾಕಿ. ತಿಂಗಳಿಗೊಮ್ಮೆ ಮೋಟರ್ ಪಕ್ಕದ ಕೈಚಕ್ರ ಹಿಡಿದು ನಾಲ್ಕು ಸುತ್ತು ತಿರುಗಿಸಿ. ಗೇಟಿನ ಒತ್ತುಪಟ್ಟಿ ಸಡಿಲ ಬಿಟ್ಟಿಡಿ, ಸ್ಪ್ರಿಂಗು ಉಳಿಯುತ್ತದೆ. ಇಷ್ಟು ಮಾಡಿದರೆ ಇಪ್ಪತ್ತು ವರ್ಷದ ಮೇಲೂ ಅದು ತಿರುಗುತ್ತದೆ. ಸಾಮಾನ್ಯವಾಗಿ ನಡೆಯುವುದೇ ಬೇರೆ: ಚೆಂದ ಕಾಣಲೆಂದು ಬಂಗಾರದ ಬಣ್ಣದ ಸ್ಪ್ರೇ ಹೊಡೆಸುತ್ತಾರೆ, ಎಣ್ಣೆ ಹಾಕುವ ತೂತಿನ ಮೇಲೂ.